ಆ್ಯಪ್ ಉಳಿಯಬೇಕೇ, ಅಭ್ಯಾಸ ಉಳಿಯಬೇಕೇ?

ಪರಿಸರದ ಕಾಳಜಿ ಈಗ ಮೊಬೈಲಿಗೆ ಬಂದಿದೆ. ನಡೆದರೆ ಅಂಕ, ಬಸ್ಸಿನಲ್ಲಿ ಹೋದರೆ ಅಂಕ, ಪ್ಲಾಸ್ಟಿಕ್ ಚೀಲ ಬೇಡವೆಂದರೆ ಅಂಕ ಕೊಡುವ ಆ್ಯಪ್‌ಗಳು ಹಲವು ದೇಶಗಳಲ್ಲಿವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಕಾಯಿಲೆ. ಜನರು ಉತ್ಸಾಹದಿಂದ ಸೇರುತ್ತಾರೆ, ಸ್ವಲ್ಪ ಕಾಲದಲ್ಲೇ ಮರೆತುಬಿಡುತ್ತಾರೆ. ಆಗ ತಯಾರಕರು ಆ್ಯಪನ್ನು ಹೊಸದಾಗಿ ರೂಪಿಸಲು ಕೂರುತ್ತಾರೆ. ಪದಕಗಳು, ಸ್ನೇಹಿತರೊಂದಿಗೆ ಪೈಪೋಟಿ, ಒಂದು ದಿನ ತಪ್ಪಿದರೆ ಎಚ್ಚರಿಕೆಯ ಗಂಟೆ ಸೇರಿಕೊಳ್ಳುತ್ತವೆ. ಬಳಕೆದಾರನನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬುದೇ ಅವರ ಪ್ರಶ್ನೆ. ಆ ಪ್ರಶ್ನೆಯೇ ಸರಿಯಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಬಗೆಯ ಪ್ರಯೋಗಗಳಲ್ಲಿ ಬಹಳ ಯಶಸ್ವಿಯಾದುದು ಚೀನಾದ ಆ್ಯಂಟ್ ಫಾರೆಸ್ಟ್. 2016ರ ಆಗಸ್ಟ್‌ನಲ್ಲಿ ಅಲಿಪೇ ಎಂಬ ಹಣ ಪಾವತಿಯ ಆ್ಯಪ್‌ನೊಳಗೆ ಇದು ಆರಂಭವಾಯಿತು. ಇಂಗಾಲ ಉಳಿಸುವ ಪ್ರತಿಯೊಂದು ಕೆಲಸಕ್ಕೂ ಗ್ರಾಂ ಲೆಕ್ಕದಲ್ಲಿ 'ಹಸಿರು ಶಕ್ತಿ' ಸಿಗುತ್ತದೆ. ಆರಂಭದಲ್ಲಿ 17.9 ಕಿಲೋ ಕೂಡಿಸಿದವರ ಹೆಸರಿನಲ್ಲಿ ಒಣನೆಲದಲ್ಲಿ ಬೆಳೆಯುವ ಸಾಕ್ಸಾಲ್ ಗಿಡವೊಂದನ್ನು ನೆಡಲಾಗುತ್ತಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಇದಕ್ಕೆ 'ಚಾಂಪಿಯನ್ಸ್ ಆಫ್ ದಿ ಅರ್ಥ್' ಪ್ರಶಸ್ತಿ ನೀಡಿತು. ಆ ಹೊತ್ತಿಗೆ ಸುಮಾರು 50 ಕೋಟಿ ಜನ ಸೇರಿದ್ದರು, 12 ಕೋಟಿಗೂ ಹೆಚ್ಚು ಗಿಡಗಳನ್ನು ನೆಡಲಾಗಿತ್ತು.

ಇದರಲ್ಲಿ ಮೆಚ್ಚತಕ್ಕದ್ದು ಇದೆ. ಪರದೆಯ ಮೇಲಿನ ಗಿಡಕ್ಕೆ ನೆಲದಲ್ಲಿ ಬೇರಿದೆ. ಇಟ್ಟ ಹೆಜ್ಜೆಗಳು ತಾವಾಗಿ ದಾಖಲಾಗುತ್ತವೆ. ದಿನವೂ ಕುಳಿತು ಲೆಕ್ಕ ಬರೆಯುವ ಬೇಸರವಿಲ್ಲ.

ಆದರೆ ಹಿಡಿದಿಟ್ಟುಕೊಳ್ಳುವ ತಂತ್ರವನ್ನು ನೋಡಿ. ಸಿಕ್ಕ ಶಕ್ತಿ ಗುಳ್ಳೆಯಾಗಿ ತೇಲುತ್ತದೆ. ಮೂರು ದಿನಗಳೊಳಗೆ ಅದನ್ನು ಮುಟ್ಟದಿದ್ದರೆ ಮಾಯವಾಗುತ್ತದೆ. ಅಷ್ಟರಲ್ಲಿ ಸ್ನೇಹಿತನು ಅದರ ಪಾಲನ್ನು ಕದಿಯಲೂಬಹುದು. ಹೀಗಾಗಿ ಗುಳ್ಳೆ ಕಾಯಲೆಂದೇ ಅಲಾರಾಂ ಇಟ್ಟು ಏಳುವವರೂ ಹುಟ್ಟಿಕೊಂಡರು. ನಡೆದವನು ಉಳಿಸಿದ ಇಂಗಾಲ ಗುಳ್ಳೆ ಮುಟ್ಟದಿದ್ದರೆ ಕಡಿಮೆಯಾಗುತ್ತದೆಯೇ? ಅಂಗಡಿಯಲ್ಲಿ ಅಲಿಪೇ ಮೂಲಕ ಹಣ ಕೊಟ್ಟರೂ ಶಕ್ತಿ ಸಿಗುತ್ತಿತ್ತು. ಏನನ್ನು ಕೊಂಡಿರಿ, ಅದು ಬೇಕಿತ್ತೇ ಎಂಬ ವಿಚಾರಣೆಯಿಲ್ಲ. ಇಲ್ಲಿ ಬೆಳೆದದ್ದು ಮಿತವ್ಯಯದ ಅಭ್ಯಾಸವೋ, ಆ್ಯಪ್ ತೆರೆಯುವ ಅಭ್ಯಾಸವೋ?

ಬಹುಮಾನದ ಆಸೆ ಏನು ಮಾಡಬಲ್ಲದು ಎಂಬುದನ್ನು 1973ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್, ಚಿತ್ರ ಬಿಡಿಸುವುದನ್ನು ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಆಯ್ದುಕೊಂಡರು. ಪ್ರಶಸ್ತಿಪತ್ರದ ಆಸೆ ತೋರಿಸಿ ಬರೆಸಿದ ಮಕ್ಕಳು ಆಮೇಲೆ ಬಿಡುವಿನ ವೇಳೆಯಲ್ಲಿ ಇತರರಿಗಿಂತ ಕಡಿಮೆ ಬರೆದರು. ಇಷ್ಟದ ಕೆಲಸ ಕೂಲಿಯ ಕೆಲಸವಾಯಿತು.

ಪ್ರವಾದಿ ಮುಹಮ್ಮದ್(ಸ)ರ ಬೋಧನೆ ಇದಕ್ಕಿಂತ ಬೇರೆಯೇ ಆಗಿದೆ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂದು ಅವರು ಕಲಿಸಿದರು. ತೋರಿಕೆಗಾಗಿ ಮಾಡಿದ ಸತ್ಕರ್ಮದ ಬಗ್ಗೆ ಎಚ್ಚರಿಸಿದರು. ಅವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಇಂದಿನ ಲೆಕ್ಕದಲ್ಲಿ ಅದು ಮುಕ್ಕಾಲು ಲೀಟರಿನ ಆಸುಪಾಸು. ಅಲ್ಲಿ ಪದಕವಿಲ್ಲ, ಪೈಪೋಟಿಯಿಲ್ಲ. ದಿನಕ್ಕೆ ಐದು ಬಾರಿ ಹೇಗೂ ಮಾಡುವ ಕರ್ಮಕ್ಕೇ ಮಿತವ್ಯಯವನ್ನು ಪೋಣಿಸಲಾಗಿದೆ.

ಹಾಗೆಂದು ಬೋಧನೆಯೊಂದೇ ಸಾಕೆನ್ನುವಂತಿಲ್ಲ. ಈ ಹದೀಸನ್ನು ಬಲ್ಲವರೂ ನಮ್ಮ ಮಸೀದಿಗಳಲ್ಲಿ ನಳ್ಳಿಯನ್ನು ಪೂರ್ತಿ ತಿರುಗಿಸಿಟ್ಟು ವುಝೂ ಮಾಡುತ್ತಾರೆ. ಅಲ್ಲಿ ಸಣ್ಣ ಧಾರೆಯ ನಳ್ಳಿ ಜೋಡಿಸಿದರೆ ಯಾರನ್ನೂ ಎಚ್ಚರಿಸಬೇಕಾಗಿಲ್ಲ, ಅಂಕವನ್ನೂ ಕೊಡಬೇಕಾಗಿಲ್ಲ. ರೂಪಿಸುವವರು ಗಮನಿಸಬೇಕಾದುದು ಇದನ್ನೇ. ಮನುಷ್ಯನ ಗಮನವನ್ನು ಕಟ್ಟಿಹಾಕುವ ಬದಲು ಒಳಿತಿನ ದಾರಿಯನ್ನು ಸುಲಭಗೊಳಿಸಬೇಕು.

ಆದ್ದರಿಂದ ಆ್ಯಪ್‌ಗಳನ್ನು ಮರುರೂಪಿಸುವವರಿಗೆ ನಮ್ಮ ಸಲಹೆ ಇಷ್ಟೆ. ಎಷ್ಟು ಜನ ದಿನವೂ ತೆರೆದರು ಎಂದು ಎಣಿಸಬೇಡಿ. ಒಂದು ವರ್ಷದ ನಂತರ ಮನೆಯ ಕರೆಂಟ್ ಬಿಲ್ ಇಳಿಯಿತೇ, ಕಸದ ಬುಟ್ಟಿ ಹಗುರವಾಯಿತೇ ಎಂದು ಕೇಳಿ. ಕಲಿಯುವ ದಿನಗಳಲ್ಲಿ ಜೊತೆಗಿರಿ, ಕಲಿತ ಮೇಲೆ ಸುಮ್ಮನಾಗಿ. ಬಳಕೆದಾರನು ಆ್ಯಪನ್ನು ಮರೆತು ಅಭ್ಯಾಸವನ್ನು ಉಳಿಸಿಕೊಂಡರೆ ಅದನ್ನು ನಷ್ಟದ ಖಾತೆಗೆ ಬರೆಯಬೇಡಿ. ನೀವು ಹೊರಟದ್ದು ಅದಕ್ಕಾಗಿಯೇ ಅಲ್ಲವೇ?