ಮುಂದಾಳುಗಳನ್ನು ರೂಪಿಸುವವರ ಆಯ್ಕೆ

ವಿದ್ಯಾರ್ಥಿಗಳನ್ನು ಬೆಟ್ಟಕಾಡುಗಳಿಗೆ ಕರೆದೊಯ್ದು, ಅಲ್ಲಿ ನಡೆಯಿಸಿ, ತಂಗಿಸಿ, ಕ್ಷೇಮವಾಗಿ ಮನೆಗೆ ಮರಳಿಸುವ ಕಾರ್ಯವು ವಿದ್ಯಾಭ್ಯಾಸದ ಒಂದು ಅಂಗವೆಂಬುದನ್ನು ಇಂದು ಬಹುಮಂದಿ ಒಪ್ಪುವರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಿಂದ ಹೊರಡುವ ಶಾಲಾಕಾಲೇಜುಗಳ ತಂಡಗಳಿಗೆ ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ದುರ್ಗ, ಮದಲಿಂಗನ ಕಣಿವೆ ಇವೆಲ್ಲವೂ ಒಂದು ಹಗಲಿನ ಪ್ರಯಾಣದೊಳಗೆ ದೊರೆಯುತ್ತವೆ. ಅದಕ್ಕೂ ಆಚೆಗೆ ಹೋಗಬಯಸುವವರಿಗೆ ಪಶ್ಚಿಮಘಟ್ಟವುಂಟು, ಹಿಮಾಲಯವುಂಟು. ಇಂಥ ಚಾರಣಗಳಲ್ಲಿ ಕಿರಿಯರ ಮುಂದೆ ನಡೆಯತಕ್ಕವನು ಅನೇಕ ವೇಳೆ ಅವರಿಗಿಂತ ಎರಡು ಮೂರು ವರ್ಷಕ್ಕೆ ಹಿರಿಯನಾದ ಮತ್ತೊಬ್ಬ ವಿದ್ಯಾರ್ಥಿಯೇ ಆಗಿರುತ್ತಾನೆ. ಆ ಹಿರಿಯ ವಿದ್ಯಾರ್ಥಿಯನ್ನು ಮುಂದಾಳಾಗಿ ತಿದ್ದುವವರು ಯಾರು, ಆ ತಿದ್ದುವವರನ್ನು ನಾವು ಯಾವ ಅಳತೆಗೋಲಿನಿಂದ ಆರಿಸುತ್ತಿದ್ದೇವೆ ಎಂಬುದೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವ ವಿಷಯ.

ಈ ವ್ಯವಸ್ಥೆಗೆ ಮೂರು ಅಂತಸ್ತುಗಳಿವೆ. ನಡೆಯುವ ಮಕ್ಕಳು ಮೊದಲನೆಯದು. ನಡೆಯಿಸುವ ಮುಂದಾಳು ಎರಡನೆಯದು. ಮುಂದಾಳಿಗೆ ಶಿಕ್ಷಣ ಕೊಡುವ ತರಬೇತುದಾರ ಮೂರನೆಯದು. ಮೊದಲನೆಯ ಅಂತಸ್ತಿನಲ್ಲಿ ಆಗುವ ತಪ್ಪು ಆ ಹೊತ್ತಿಗೇ ಕಣ್ಣಿಗೆ ಬೀಳುತ್ತದೆ, ಎರಡನೆಯದರಲ್ಲಿ ಆಗುವುದು ಒಂದು ದಿನದೊಳಗೆ ತಿಳಿಯುತ್ತದೆ. ಮೂರನೆಯದರಲ್ಲಿ ಆದ ತಪ್ಪಾದರೋ, ಅನೇಕ ವರ್ಷಗಳ ಬಳಿಕ, ಅದನ್ನು ಮಾಡಿದವನು ಇಲ್ಲದ ಸ್ಥಳದಲ್ಲಿ, ಅವನ ಹೆಸರನ್ನೇ ಕೇಳಿರದ ಮಗುವಿನ ಮೇಲೆ ಎರಗುತ್ತದೆ. ಅತ್ಯಂತ ಎಚ್ಚರದಿಂದ ಮಾಡಬೇಕಾದ ಆಯ್ಕೆಯು ಇದೇ ಆಗಿದ್ದರೂ, ನಮ್ಮಲ್ಲಿ ಅತ್ಯಂತ ಆತುರದಿಂದ ನಡೆಯುತ್ತಿರುವುದೂ ಇದೇ.

ಈ ಮಾತು ವೃಥಾ ಭಯವನ್ನು ಹುಟ್ಟಿಸುವುದಕ್ಕಾಗಿ ಆಡಿದುದಲ್ಲ. 2014ರ ಜೂನ್ ತಿಂಗಳಲ್ಲಿ ಹಿಮಾಚಲ ಪ್ರದೇಶದ ಬಿಯಾಸ್ ನದಿಯ ಪಾತ್ರದೊಳಕ್ಕೆ ಇಳಿದಿದ್ದ ಹೈದರಾಬಾದಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ 24 ಮಂದಿ, ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರಿನಲ್ಲಿ ಕೊಚ್ಚಿಹೋದರು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರಿಂದ ಮುರುಡೇಶ್ವರಕ್ಕೆ ಪ್ರವಾಸ ಹೋದ ನಾಲ್ವರು ಬಾಲಕಿಯರು ಸಮುದ್ರದ ಪಾಲಾದರು. ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ ಪರ್ವತಗಳಲ್ಲಿ 1971ರ ನವೆಂಬರಿನಲ್ಲಿ ನಡೆದ ದುರಂತವಂತೂ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದುದು. ಎಡಿನ್‌ಬರೋ ನಗರದ ಶಾಲೆಯ ಮಕ್ಕಳನ್ನು ಎರಡು ತಂಡಗಳಾಗಿ ವಿಂಗಡಿಸಿದಾಗ, ಬಲವುಳ್ಳವರ ತಂಡದೊಡನೆ ಹೆಚ್ಚು ಅನುಭವಿಯಾದ ನಾಯಕನು ಹೋದನು. ಕಡಿಮೆ ಬಲದವರ ತಂಡವು ಕಿರಿಯ ನಾಯಕಿಯ ವಶಕ್ಕೆ ಬಂದಿತು. ಹಿಮಗಾಳಿಯಲ್ಲಿ ದಾರಿ ಕಾಣದೆ ಬಯಲಿನಲ್ಲಿಯೇ ರಾತ್ರಿಗಳನ್ನು ಕಳೆದ ಆ ಎರಡನೆಯ ತಂಡದಲ್ಲಿ ಐವರು ವಿದ್ಯಾರ್ಥಿಗಳೂ ತರಬೇತಿಯಲ್ಲಿದ್ದ ಒಬ್ಬ ತರುಣಿಯೂ ಅಸುನೀಗಿದರು. ದುರ್ಬಲರಿಗೆ ಸಮರ್ಥನನ್ನು ಕೊಡಬೇಕೆಂಬ ವಿವೇಕವು ಯಾವ ಹಗ್ಗ, ಯಾವ ನಕಾಶೆ, ಯಾವ ದಿಕ್ಸೂಚಿಯಿಂದಲೂ ಬರತಕ್ಕದ್ದಲ್ಲ. ಅದು ಒಬ್ಬ ಗುರುವಿನಿಂದ ಇನ್ನೊಬ್ಬ ಗುರುವಿಗೆ ಇಳಿದು ಬರಬೇಕಾದ ಸಂಸ್ಕಾರ.

ನಮ್ಮ ದೇಶದಲ್ಲಿ ಈ ಆಯ್ಕೆಗೆ ಮೂರು ಪ್ರಸಿದ್ಧ ಮಾರ್ಗಗಳಿವೆ. ಮೊದಲನೆಯದು ಪರ್ವತಾರೋಹಣ ಸಂಸ್ಥೆಗಳದು. 1953ರಲ್ಲಿ ಎವರೆಸ್ಟ್ ಶಿಖರಾರೋಹಣವಾದ ಮಾರನೆಯ ವರ್ಷ ಡಾರ್ಜಿಲಿಂಗಿನಲ್ಲಿ ಹಿಮಾಲಯನ್ ಮೌಂಟೆನೀರಿಂಗ್ ಇನ್‌ಸ್ಟಿಟ್ಯೂಟ್ ಸ್ಥಾಪಿತವಾಯಿತು. ತೇನ್‌ಸಿಂಗ್ ನೋರ್ಗೆಯವರೇ ಅದರ ಕ್ಷೇತ್ರ ತರಬೇತಿಯ ಪ್ರಥಮ ನಿರ್ದೇಶಕರಾದರು. 1965ರಲ್ಲಿ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಅಲ್ಲಿನ ಸೋಪಾನಕ್ರಮವು ಕಟ್ಟುನಿಟ್ಟಾದುದು: ಪ್ರಾಥಮಿಕ ತರಬೇತಿಯಲ್ಲಿ ‘ಎ’ ಶ್ರೇಣಿ ಪಡೆದವನಿಗೆ ಮಾತ್ರ ಮುಂದುವರಿದ ತರಬೇತಿ, ಅಲ್ಲಿಯೂ ‘ಎ’ ಶ್ರೇಣಿ ಪಡೆದವನಿಗೆ ಮಾತ್ರ ‘ಮೆಥಡ್ ಆಫ್ ಇನ್‌ಸ್ಟ್ರಕ್ಷನ್’ ಎಂಬ ಬೋಧನಕ್ರಮದ ತರಬೇತಿ. ಹಗ್ಗದ ಗಂಟು ಸಡಿಲವಾದವನು, ಎತ್ತರದಲ್ಲಿ ಬುದ್ಧಿ ಕಲಕಿದವನು ಈ ಸೋಪಾನದಲ್ಲಿ ಮೇಲೇರಲಾರನು. ಅದು ಈ ಮಾರ್ಗದ ನಿಸ್ಸಂದೇಹವಾದ ಗುಣ. ಆದರೆ ಇಲ್ಲಿ ಪರೀಕ್ಷೆಗೆ ಒಳಗಾಗುವುದು ಅಭ್ಯರ್ಥಿಯ ಸ್ವಂತ ಸಾಮರ್ಥ್ಯವೇ. ತನ್ನಂತೆಯೇ ಗಟ್ಟಿಮುಟ್ಟಾದ ಸಹಶಿಕ್ಷಾರ್ಥಿಗಳ ನಡುವೆ ತೋರಿದ ಕೌಶಲ, ಹದಿನಾರು ವರ್ಷದ ಅಂಜುಬುರುಕ ಹುಡುಗಿಯೊಬ್ಬಳು ಬಂಡೆಯ ಅಂಚಿನಲ್ಲಿ ಕಾಲು ಕೀಳಲಾರದೆ ನಿಂತಾಗ ಒದಗಿ ಬರುವುದೆಂಬ ಭರವಸೆಯನ್ನು ಯಾವ ಶ್ರೇಣಿಯೂ ಕೊಡಲಾರದು.

ಎರಡನೆಯದು ಸ್ಕೌಟು ಮತ್ತು ಗೈಡುಗಳ ಮಾರ್ಗ. 1919ರಲ್ಲಿ ಇಂಗ್ಲೆಂಡಿನ ಗಿಲ್‌ವೆಲ್ ಪಾರ್ಕಿನಲ್ಲಿ ಬೇಡನ್ ಪೊವೆಲ್ ಅವರು ಆರಂಭಿಸಿದ ‘ವುಡ್ ಬ್ಯಾಡ್ಜ್’ ಪದ್ಧತಿಯೇ ಇದಕ್ಕೆ ಮೂಲ. 1950ರ ನವೆಂಬರಿನಲ್ಲಿ ಒಂದುಗೂಡಿ ರೂಪುಗೊಂಡ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯಲ್ಲಿ ಅದು ಹಿಮಾಲಯ ವುಡ್ ಬ್ಯಾಡ್ಜ್ ಆಯಿತು. ಅದನ್ನು ಪಡೆದವರಿಂದಲೇ ಸಹಾಯಕ ತರಬೇತುದಾರರನ್ನೂ, ಅವರಿಂದ ಮುಂದೆ ಪೂರ್ಣ ತರಬೇತುದಾರರನ್ನೂ ಆರಿಸುವುದು ರೂಢಿ. ಶಿಬಿರದಲ್ಲಿ ಕಲಿತುದನ್ನು ಊರಿಗೆ ಮರಳಿ, ತನ್ನ ದಳದಲ್ಲಿ ಆಚರಿಸಿ ತೋರಿಸಿದ ಬಳಿಕವೇ ಪದಕವೆಂಬ ತತ್ತ್ವವು ಈ ಮಾರ್ಗದ ಜೀವಾಳ. ಮೂರು ಮಾರ್ಗಗಳಲ್ಲಿ ನನಗೆ ಅತ್ಯಂತ ಶ್ಲಾಘ್ಯವಾಗಿ ತೋರುವುದು ಇದೇ. ಏಕೆಂದರೆ ಇದು ಮನುಷ್ಯನನ್ನು ಅವನ ಮಕ್ಕಳ ನಡುವೆ ನಿಲ್ಲಿಸಿ ನೋಡಬಯಸುತ್ತದೆ. ಇದರ ದೌರ್ಬಲ್ಯವಿರುವುದು ಕಾಗದದಲ್ಲಿ. ದಳದಲ್ಲಿ ಆಚರಿಸಿದನೆಂಬುದಕ್ಕೆ ಬರೆದ ವರದಿಯೇ ಸಾಕ್ಷಿಯಾಗಿ, ನೋಡಿ ಬರುವ ಕಣ್ಣುಗಳು ಇಲ್ಲವಾದಾಗ, ಉತ್ತಮ ತತ್ತ್ವವೊಂದು ಪ್ರಮಾಣಪತ್ರಗಳ ಸಂಗ್ರಹಕ್ಕೆ ಇಳಿದುಬಿಡುವ ಅಪಾಯವುಂಟು.

ಮೂರನೆಯದು ಎನ್.ಸಿ.ಸಿ. ಮತ್ತು ರಾಷ್ಟ್ರೀಯ ಸೇವಾ ಯೋಜನೆಗಳ ಮಾರ್ಗ. 1948ರಿಂದ ನಡೆದುಬಂದ ಎನ್.ಸಿ.ಸಿ.ಯಲ್ಲಿ ಕಾಲೇಜಿನ ಅಧ್ಯಾಪಕರೊಬ್ಬರು ಕಾಂಪ್ಟಿಯಲ್ಲೋ ಗ್ವಾಲಿಯರಿನಲ್ಲೋ ತರಬೇತಿ ಪಡೆದು ಅಧಿಕಾರಿಯಾಗುತ್ತಾರೆ. 1969ರಲ್ಲಿ ಆರಂಭವಾದ ಸೇವಾ ಯೋಜನೆಯಲ್ಲಿ ಕಾರ್ಯಕ್ರಮಾಧಿಕಾರಿಯಾಗುತ್ತಾರೆ. ಶಿಸ್ತು, ಹೊಣೆಗಾರಿಕೆಯ ಸ್ಪಷ್ಟ ಸರಣಿ, ಸಂಸ್ಥೆಯ ಬೆಂಬಲ ಇವು ಇಲ್ಲಿನ ಬಲಗಳು. ಆದರೆ ಹೆಸರನ್ನು ಸೂಚಿಸುವಾಗ ಸಿಬ್ಬಂದಿಯಲ್ಲಿ ಯಾರಿಗೆ ಬಿಡುವಿದೆ, ಯಾರು ಒಲ್ಲೆನೆನ್ನಲಾರರು ಎಂಬುದೇ ನಿರ್ಣಾಯಕವಾಗುವುದುಂಟು. ಒಳ್ಳೆಯ ಅಧ್ಯಾಪಕನು ದೊರೆತರೆ ಅದು ಆ ಕಾಲೇಜಿನ ಸುಕೃತವೆನ್ನಬೇಕೇ ಹೊರತು ಪದ್ಧತಿಯ ಫಲವೆನ್ನಲಾಗದು.

ಹೀಗೆ ಮೂರನ್ನೂ ತೂಗಿ ನೋಡಿದರೆ ಒಂದೇ ಕೊರತೆಯು ಎದ್ದು ಕಾಣುತ್ತದೆ. ಮೊದಲನೆಯದು ಏರಬಲ್ಲವನನ್ನು, ಎರಡನೆಯದು ಕಲಿತವನನ್ನು, ಮೂರನೆಯದು ದೊರೆತವನನ್ನು ಆರಿಸುತ್ತದೆ. ಅಭ್ಯರ್ಥಿಯಿಂದ ಹಿಂದೆ ಕಲಿತವರು ಆತನಿಲ್ಲದಾಗ ಹೇಗೆ ನಡೆದುಕೊಂಡರು ಎಂಬ ಪ್ರಶ್ನೆಯನ್ನು ಮೂರೂ ಮಾರ್ಗಗಳು ಮುಖ್ಯವಾಗಿ ಕೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಉಳಿದೆಲ್ಲ ಪ್ರಶ್ನೆಗಳೂ ಇದಕ್ಕೆ ಅಧೀನವಾದುವು.

ಈ ವಿವೇಕವನ್ನು ನಾವು ದೂರದಿಂದ ತರಬೇಕಾಗಿಲ್ಲ. ತಿಪಟೂರಿನ ಎತ್ತರದ ತಳಿಯ ತೆಂಗಿಗೆ ಬಿತ್ತನೆ ಕಾಯಿ ಆರಿಸುವ ರೈತನು ಕಾಯಿಯ ಅಂದವನ್ನು ನೋಡಿ ಮರುಳಾಗನು. ತಾಯಿಮರದ ಚರಿತ್ರೆಯನ್ನು ವಿಚಾರಿಸುವನು. ಮರಕ್ಕೆ 25 ವರ್ಷ ಮೀರಿರಬೇಕು, 30ಕ್ಕೂ ಮಿಕ್ಕ ಗರಿಗಳಿರಬೇಕು, ವರ್ಷಕ್ಕೆ 80 ಕಾಯಿಗೆ ಕಡಿಮೆಯಾಗದಂತೆ, ಒಂದು ವರ್ಷ ಹೆಚ್ಚು ಒಂದು ವರ್ಷ ಕಡಿಮೆ ಎನ್ನದೆ, ಸಮನಾಗಿ ಫಲ ಕೊಟ್ಟಿರಬೇಕು. ಕೊಟ್ಟಿಗೆಯ ಪಕ್ಕದಲ್ಲಿ, ಗೊಬ್ಬರದ ಗುಂಡಿಯ ಬದಿಯಲ್ಲಿ ಬೆಳೆದು ಗೊನೆ ತೂಗುತ್ತಿರುವ ಮರವನ್ನು ಆತ ಬೇಕೆಂದೇ ಬಿಡುವನು. ಆ ಸಮೃದ್ಧಿಯು ಮರದ್ದಲ್ಲ, ಸ್ಥಳದ್ದೆಂಬುದು ಅವನಿಗೆ ಗೊತ್ತು. ನೆಟ್ಟ ಸಸಿಯು ಫಲ ತೋರುವುದಕ್ಕೆ ಆರೇಳು ವರ್ಷಗಳು ಬೇಕಾಗುವುದರಿಂದ, ಆರಿಸುವಾಗಿನ ತಪ್ಪನ್ನು ಬಳಿಕ ತಿದ್ದಲಾಗದೆಂಬ ಭಯಭಕ್ತಿ ಅವನಲ್ಲಿದೆ. ತರಬೇತುದಾರನ ವಿಷಯದಲ್ಲಿಯೂ ಹೀಗೆಯೇ ಕೇಳಬೇಕು: ಆತನ ಚಾರಣಗಳೆಲ್ಲ ಹದವಾದ ಹವೆಯಲ್ಲಿ, ಗಟ್ಟಿ ಹುಡುಗರೊಡನೆ, ಹಣಕಾಸಿನ ಅನುಕೂಲದಲ್ಲಿ ನಡೆದುವೋ? ಅಥವಾ ನೀರು ಮುಗಿದ, ಒಬ್ಬನ ಕಾಲು ಉಳುಕಿದ, ಮಳೆ ಹಿಡಿದ ದಿನಗಳಲ್ಲಿಯೂ ಆತನ ತಂಡವು ಸಮಾಧಾನದಿಂದ ಊರು ಸೇರಿತೋ?

ಹಾಗಾದರೆ ಆರಿಸುವಾಗ ನೋಡಬೇಕಾದ ಗುಣಗಳಾವುವು? ಪ್ರಥಮತಃ, ಹಿಂದಿರುಗುವ ಧೈರ್ಯ. ಶಿಖರವು ಕಣ್ಣೆದುರಿಗಿರುವಾಗ, ಹುಡುಗರು ಇನ್ನೇನು ಬಂತೆಂದು ಹಟ ಹಿಡಿದಿರುವಾಗ, ಮುಗಿಲನ್ನು ನೋಡಿ ತಂಡವನ್ನು ತಿರುಗಿಸಿದವನ ಹೆಸರು ಯಾವ ಸನ್ಮಾನಪತ್ರದಲ್ಲಿಯೂ ಬರುವುದಿಲ್ಲ. ಆಯ್ಕೆಯ ಸಮಿತಿಯಾದರೂ ಅದನ್ನು ಬರೆದುಕೊಳ್ಳಬೇಕು. 1924ರಲ್ಲಿ ಹದಿನಾರು ವರ್ಷದ ಹುಡುಗನಾಗಿ ಅಮೆರಿಕದ ಗ್ರ್ಯಾಂಡ್ ಟೀಟಾನ್ ಪರ್ವತವನ್ನು ತಕ್ಕ ಉಡುಪೂ ಇಲ್ಲದೆ ಏರಹೋಗಿ ಸಾವಿನ ಸಮೀಪಕ್ಕೆ ಹೋಗಿಬಂದ ಪಾಲ್ ಪೆಟ್ಜೋಲ್ಟ್, 1965ರಲ್ಲಿ ವಯೋಮಿಂಗ್ ಪ್ರಾಂತದಲ್ಲಿ ಹೊರಾಂಗಣ ನಾಯಕತ್ವದ ಶಾಲೆಯೊಂದನ್ನು ತೆರೆದಾಗ, ಕೌಶಲಗಳಿಗಿಂತ ಮೇಲಿನ ಸ್ಥಾನವನ್ನು ವಿವೇಚನೆಗೆ ಕೊಟ್ಟದ್ದು ಆಕಸ್ಮಿಕವಲ್ಲ. ದ್ವಿತೀಯತಃ, ಹಿಂದೆ ನಿಲ್ಲುವ ಸಂಯಮ. ತಾನೇ ಮಾಡಿದರೆ ಕ್ಷಣದಲ್ಲಿ ಮುಗಿಯುವ ಕೆಲಸವನ್ನು ಶಿಷ್ಯನು ತಡವರಿಸಿ ಮಾಡುವ ತನಕ, ಅಪಾಯವಿಲ್ಲದಷ್ಟು ಕಾಲ, ಕೈಕಟ್ಟಿ ಕಾಯಬಲ್ಲವನೇ ಮುಂದಾಳುಗಳನ್ನು ಮಾಡಬಲ್ಲನು. ಉಳಿದವರು ಅನುಯಾಯಿಗಳನ್ನು ಮಾತ್ರ ಮಾಡುವರು.

ತೃತೀಯತಃ, ಈ ನೆಲದ ಪರಿಚಯ. ನಮ್ಮ ಬೆಟ್ಟಗಳಲ್ಲಿ ಹಿಮವಿಲ್ಲ. ನಡುಹಗಲಿಗೆ ಕಾದು ನಿಲ್ಲುವ ಬಂಡೆಯಿದೆ, ಬೇಸಿಗೆಗೆ ಬತ್ತುವ ದೊಣೆಯಿದೆ, ಬಂಡೆಯ ಮುಖಕ್ಕೆ ಕಟ್ಟಿದ ಹೆಜ್ಜೇನಿದೆ, ಸಂಜೆ ಹೊತ್ತಿಗೆ ಗವಿಯಿಂದ ಹೊರಡುವ ಕರಡಿಯಿದೆ, ಚಿರತೆಯಿದೆ. 2019ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿತವಾದ ಬುಕ್ಕಾಪಟ್ಟಣದ ಕುರುಚಲು ಕಾಡು ನಮ್ಮ ನೆರೆಯಲ್ಲಿಯೇ ಇದೆ. ಅದರ ನಿಯಮವನ್ನೂ ಮೌನವನ್ನೂ ಗೌರವಿಸುವುದು ಚಾರಣದ ಧರ್ಮ. ಹದಿನಾಲ್ಕು ಸಾವಿರ ಅಡಿಯ ಅನುಭವವುಳ್ಳವನಿಗೂ ಸುಗಂಧದ್ರವ್ಯ ಪೂಸಿಕೊಂಡ ತಂಡವನ್ನು ಹೆಜ್ಜೇನಿನ ಬಂಡೆಯ ಕೆಳಗೆ ನಡೆಯಿಸಬಾರದೆಂಬ ಜ್ಞಾನ ತಾನಾಗಿ ಬರದು. ಆದುದರಿಂದ ಚಿಕ್ಕನಾಯಕನಹಳ್ಳಿಯ ಕಡೆಯ ಗುಡ್ಡಗಳಲ್ಲಿ ಕುರಿ ಮೇಯಿಸುತ್ತ ಬೆಳೆದ ಹಿರಿಯರೊಬ್ಬರನ್ನೂ ಅರಣ್ಯ ಇಲಾಖೆಯ ಕಾವಲುಗಾರರೊಬ್ಬರನ್ನೂ ಆಯ್ಕೆಯ ಸಮಿತಿಯಲ್ಲಿ ಕೂಡಿಸುವುದು ಯೋಗ್ಯವೆಂದು ನಾನು ಭಾವಿಸುತ್ತೇನೆ.

ವಿಧಾನವೂ ಗುಣಗಳಿಗೆ ಅನುರೂಪವಾಗಿರಬೇಕು. ಮೇಜಿನ ಮುಂದೆ ಅರ್ಧಗಂಟೆಯ ಸಂದರ್ಶನದಲ್ಲಿ ವಾಗ್ಮಿಯು ಗೆಲ್ಲುವನು, ಮಿತಭಾಷಿಯಾದ ವಿವೇಕಿಯು ಸೋಲುವನು. ಅಭ್ಯರ್ಥಿಯನ್ನು ಎರಡು ಋತುಗಳಲ್ಲಿಯಾದರೂ, ಮಳೆಯಲ್ಲೊಮ್ಮೆ ಬಿಸಿಲಿನಲ್ಲೊಮ್ಮೆ, ನಿಜವಾದ ವಿದ್ಯಾರ್ಥಿ ತಂಡದೊಡನೆ ಕಳಿಸಿ, ಬೇರೆಬೇರೆ ವೀಕ್ಷಕರು ನೋಡಬೇಕು. ಪ್ರತಿ ಚಾರಣದ ಕೊನೆಯಲ್ಲಿ ತಂಡದ ಅತ್ಯಂತ ನಿಧಾನಿಯಾದ ವಿದ್ಯಾರ್ಥಿಯ ಅಭಿಪ್ರಾಯವನ್ನು ಮೊದಲು ಕೇಳಬೇಕು, ಏಕೆಂದರೆ ನಾಯಕತ್ವದ ಭಾರವೂ ಪ್ರೀತಿಯೂ ಮೊದಲು ತಲುಪುವುದು ಅವನನ್ನೇ. ಅಭ್ಯರ್ಥಿಯು ತಾನು ಕಂಡ ಅವಘಡಗಳನ್ನೂ ಸ್ವಲ್ಪದರಲ್ಲಿ ತಪ್ಪಿದ ಅಪಾಯಗಳನ್ನೂ ಬರೆದಿಟ್ಟ ಪುಸ್ತಕವನ್ನು ತರಿಸಿ ಓದಬೇಕು. ಅಂಥ ಪುಸ್ತಕದಲ್ಲಿ ಏನೂ ಇಲ್ಲದವನನ್ನು ಅದೃಷ್ಟವಂತನೆನ್ನುವುದಕ್ಕಿಂತ ಗಮನಿಸದವನೆನ್ನುವುದೇ ಸರಿ.

ಇದಕ್ಕೆ ಎರಡು ಆಕ್ಷೇಪಗಳು ಬರುವುದು ಸಹಜ. ಇಷ್ಟು ಕಾಲವೂ ವೆಚ್ಚವೂ ತಾಲ್ಲೂಕು ಮಟ್ಟದ ಸಂಸ್ಥೆಗಳಿಗೆ ಎಟುಕದೆಂಬುದು ಮೊದಲನೆಯದು. ಒಂದೊಂದು ಕಾಲೇಜೂ ತನ್ನದೇ ತರಬೇತುದಾರನನ್ನು ಹುಡುಕುವವರೆಗೆ ಆ ಮಾತು ನಿಜ. ಮೂರು ತಾಲ್ಲೂಕುಗಳ ವಿದ್ಯಾಸಂಸ್ಥೆಗಳು ಕೂಡಿ ನಾಲ್ಕೈದು ಮಂದಿಯನ್ನು ಆರಿಸಿಕೊಂಡರೆ ಹೊರೆಯು ಹಂಚಿಹೋಗುವುದು. ದೀರ್ಘಕಾಲದ ವೀಕ್ಷಣೆಯಲ್ಲಿ ಪಕ್ಷಪಾತಕ್ಕೆ, ಬಂಧುತ್ವಕ್ಕೆ, ಜಾತಿಯ ಒಲವಿಗೆ ಎಡೆಯುಂಟೆಂಬುದು ಎರಡನೆಯದು. ಇದು ಮೊದಲನೆಯದಕ್ಕಿಂತ ಗಂಭೀರವಾದುದು. ಅಂಕಗಳ ಪಟ್ಟಿಯೇ ನಿಷ್ಪಕ್ಷಪಾತವೆಂದು ನಂಬಿ ಇದರಿಂದ ಪಾರಾಗಲಾರೆವು. ಪ್ರತಿಯೊಬ್ಬ ವೀಕ್ಷಕನೂ ತನ್ನ ಮತಕ್ಕೆ ಕಾರಣಗಳನ್ನು ಘಟನೆಯ ಸಹಿತ ಬರೆಯುವುದು, ತಿರಸ್ಕೃತನಾದವನಿಗೆ ಆ ಕಾರಣಗಳನ್ನು ತಿಳಿಸುವುದು, ಹೆಣ್ಣುಮಕ್ಕಳ ತಂಡಗಳಿಗಾಗಿ ಮಹಿಳೆಯರನ್ನೂ ಮೊದಲಿನಿಂದಲೇ ತರಬೇತುದಾರರ ಪಟ್ಟಿಗೆ ಬೆಳೆಸುವುದು, ಆಯ್ಕೆಯಾದವರನ್ನೂ ಕೆಲವು ವರ್ಷಗಳಿಗೊಮ್ಮೆ ಪುನಃ ಪರೀಕ್ಷಿಸುವುದು ಇವೇ ನ್ಯಾಯದ ರಕ್ಷಾಕವಚಗಳು.

ಕೊನೆಯದಾಗಿ ಒಂದು ನಿಯಮವನ್ನು ಎಲ್ಲಕ್ಕಿಂತ ಮೇಲಾಗಿ ಹೇಳಬಯಸುತ್ತೇನೆ. ತರಬೇತುದಾರನ ಹೆಸರನ್ನು ಸೂಚಿಸಿದವರು ಆ ಸೂಚನೆಯ ಕೆಳಗೆ ತಮ್ಮ ಹೆಸರನ್ನೂ ಬರೆಯಬೇಕು; ಆತನು ತಿದ್ದಿದ ಮುಂದಾಳುಗಳ ಚಾರಣದ ವರದಿಗಳು ವರ್ಷವರ್ಷವೂ ಅವರ ಬಳಿಗೆ ಬರಬೇಕು; ಅವನ್ನು ಓದಿ, ಒಳಿತಿಗೂ ಕೆಡುಕಿಗೂ ಪಾಲುಗಾರರಾಗಬೇಕು. ಆರಿಸುವವನ ಹೊಣೆಯು ಆರಿಸಿದ ದಿನಕ್ಕೇ ಮುಗಿಯುವವರೆಗೆ ಯಾವ ಮಾನದಂಡವೂ ಕಾಗದದ ಮೇಲಿನ ಶಾಸನವಾಗಿಯೇ ಉಳಿಯುವುದು. ಆ ಹೊಣೆಯು ವರ್ಷಗಳುದ್ದಕ್ಕೂ ಬೆನ್ನಿಗಿರುವುದೆಂದು ತಿಳಿದವನು ಮಾತ್ರ ಮಿತ್ರನ ಮಗನನ್ನೂ ಸಭೆಯ ವಾಗ್ಮಿಯನ್ನೂ ಬದಿಗಿಟ್ಟು, ಮಕ್ಕಳ ಪ್ರಾಣವನ್ನು ನಂಬಿ ಒಪ್ಪಿಸಬಹುದಾದವನನ್ನು ಹುಡುಕುವನು. ಆ ಹುಡುಕಾಟಕ್ಕೆ ಬೇಕಾದ ಸಹನೆ ನಮ್ಮ ವಿದ್ಯಾಸಂಸ್ಥೆಗಳಿಗೆ ಬರಲೇಬೇಕಾಗಿದೆ.