ಎರಡು ರೂಪಾಯಿಯ ಥಂಡಾ

ಮುಂಬಯಿಯ ಕಿರಾಣಿ ಅಂಗಡಿಯಲ್ಲಿ 20 ರೂಪಾಯಿ ಎಂದು ಅಚ್ಚಾದ ನೀರಿನ ಬಾಟಲಿಯನ್ನು ಗಿರಾಕಿ ಕೈಗೆತ್ತಿಕೊಂಡು ಮುಚ್ಚಳ ತಿರುಗಿಸುವ ಹೊತ್ತಿಗೆ ಅಂಗಡಿಯವನ ಮಾತು ಕೇಳಿಸುತ್ತದೆ: ‘ಔರ್ ದೋ ರುಪಯಾ, ಥಂಡಾ ಹೈ.’ ತಂಪು ಪಾನೀಯಕ್ಕೂ ಬೆಳಗಿನ ಹಾಲಿನ ಪ್ಯಾಕೆಟ್ಟಿಗೂ ಇದೇ ಲೆಕ್ಕ. ಕೂಲಿಂಗ್ ಚಾರ್ಜ್ ಎಂಬ ಈ ಹೆಚ್ಚುವರಿ ಕೊಲಾಬಾದಿಂದ ಡೊಂಬಿವಲಿಯವರೆಗೆ ಎಷ್ಟು ರೂಢಿಯಾಗಿದೆಯೆಂದರೆ ಕೊಡುವವರು ಪ್ರಶ್ನಿಸುವುದಿಲ್ಲ, ಪ್ರಶ್ನಿಸಿದವರನ್ನು ಸಾಲಿನಲ್ಲಿ ಹಿಂದೆ ನಿಂತವರೇ ಜಿಪುಣರೆಂಬಂತೆ ನೋಡುತ್ತಾರೆ. ಇದು ಕಾನೂನುಬಾಹಿರ ಎಂದು ಹೇಳಿ ಮುಗಿಸುವುದು ಸುಲಭ, ಅದನ್ನು ಅನೇಕರು ಅನೇಕ ಸಲ ಹೇಳಿಯೂ ಆಗಿದೆ. ಹಾಗಿದ್ದರೂ ಇದು ಉಳಿದಿರುವುದು ಏಕೆ ಎಂಬುದನ್ನು ಕೇಳಬೇಕು. ನನ್ನ ಉತ್ತರ ಇದು: ನಮ್ಮ ಗ್ರಾಹಕ ಕಾನೂನು ದೂರು ಕೊಡುವ ಒಬ್ಬೊಬ್ಬ ಗ್ರಾಹಕನನ್ನೇ ನೆಚ್ಚಿಕೊಂಡಿದೆ. ಯಾರೂ ದೂರು ಕೊಡಲು ಹೋಗದಷ್ಟು ಸಣ್ಣ ಮೊತ್ತವನ್ನು ದಿನದಿನವೂ ಲಕ್ಷಾಂತರ ಜನರಿಂದ ಕಿತ್ತುಕೊಂಡರೆ ಆ ಕಾನೂನಿಗೆ ಅದು ಕಾಣಿಸುವುದೇ ಇಲ್ಲ.

ಪೊಟ್ಟಣದ ಮೇಲಿನ ಗರಿಷ್ಠ ಚಿಲ್ಲರೆ ಬೆಲೆ, ಅಂದರೆ ಎಂಆರ್‌ಪಿ, ಏಕೆ ಬಂತೆಂಬುದನ್ನು ಇಲ್ಲಿ ನೆನೆಯಬೇಕು. 1977ರ ಪೊಟ್ಟಣ ಸರಕುಗಳ ನಿಯಮಗಳಲ್ಲಿ ತಯಾರಕರಿಗೆ ಬೆಲೆಯ ಮುಂದೆ ‘ಸ್ಥಳೀಯ ತೆರಿಗೆ ಪ್ರತ್ಯೇಕ’ ಎಂದು ಅಚ್ಚು ಹಾಕಿಸುವ ಅವಕಾಶವಿತ್ತು. ಆ ತೆರಿಗೆ ಎಷ್ಟೆಂದು ಕೊಳ್ಳುವವನಿಗೆ ಗೊತ್ತಿರಲಿಲ್ಲ. ಅಂಗಡಿಯವನು ಹೇಳಿದ್ದೇ ತೆರಿಗೆ. ಈ ಕಿಂಡಿಯನ್ನು ಮುಚ್ಚಲೆಂದೇ 1990ರಲ್ಲಿ ನಿಯಮ ತಿದ್ದಿ ಎಲ್ಲ ತೆರಿಗೆಗಳೂ ಸೇರಿದ ಒಂದೇ ಬೆಲೆಯನ್ನು ಕಡ್ಡಾಯ ಮಾಡಿದರು. ಮುಂದೆ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಬಂತು, ಅದರಡಿ 2011ರ ಪೊಟ್ಟಣ ಸರಕುಗಳ ನಿಯಮಗಳು ಬಂದವು. ಅವುಗಳ 18ನೆಯ ನಿಯಮ ಚಿಲ್ಲರೆ ವ್ಯಾಪಾರಿಯಿಂದ ಹಿಡಿದು ಸಗಟು ವ್ಯಾಪಾರಿ, ತಯಾರಕರವರೆಗೆ ಯಾರೂ ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರಕೂಡದೆಂದು ನೇರವಾಗಿ ಹೇಳುತ್ತದೆ. ತಣ್ಣಗಿದ್ದರೆ ಬೇರೆ, ಬೆಚ್ಚಗಿದ್ದರೆ ಬೇರೆ ಎಂಬ ವಿನಾಯಿತಿ ಅದರಲ್ಲಿಲ್ಲ. ಒಂದೇ ಸರಕಿಗೆ ಅನ್ಯಾಯದ ರೀತಿಯಲ್ಲಿ ಎರಡು ಬೇರೆ ಬೇರೆ ಎಂಆರ್‌ಪಿ ಅಚ್ಚು ಹಾಕಿಸುವುದಕ್ಕೂ 2018ರ ಜನವರಿಯಿಂದ ತಡೆ ಬಿದ್ದಿದೆ. ಕೂಲಿಂಗ್ ಚಾರ್ಜ್ 1990ರಲ್ಲಿ ಮುಚ್ಚಿದ ಕಿಂಡಿಯನ್ನೇ ಮತ್ತೆ ತೆರೆದಿದೆ. ಆಗ ತೆರಿಗೆಯ ಹೆಸರು, ಈಗ ತಂಪಿನ ಹೆಸರು. ಎರಡರಲ್ಲೂ ಮೊತ್ತ ಎಷ್ಟೆಂಬುದು ಅಂಗಡಿಯವನ ಬಾಯಲ್ಲಿದೆ.

ಅಂಗಡಿಯವರ ವಾದವನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಫ್ರಿಜ್ ಹಗಲಿರುಳೂ ಓಡಬೇಕು. ನಗರದ ದಕ್ಷಿಣ ಭಾಗದಲ್ಲಿ ಬೆಸ್ಟ್, ಉಪನಗರಗಳಲ್ಲಿ ಅದಾನಿ ಅಥವಾ ಟಾಟಾ, ವಿದ್ಯುತ್ ಯಾರದೇ ಇರಲಿ, ಅಂಗಡಿಗೆ ಬೀಳುವ ವಾಣಿಜ್ಯ ದರ ಮನೆಯ ದರಕ್ಕಿಂತ ಹೆಚ್ಚು. ಜಾಗದ ಬಾಡಿಗೆಯನ್ನಂತೂ ಹೇಳುವುದೇ ಬೇಡ. ಹಾಲಿನ ಮೇಲಿನ ಹೆಚ್ಚುವರಿ ವಸೂಲಿಯ ಮಾತೆದ್ದಾಗಲೆಲ್ಲ ಮಾರಾಟಗಾರರು ಹೇಳುತ್ತ ಬಂದಿರುವುದೂ ಇದನ್ನೇ: ಡೇರಿಯವರು ಕೊಡುವ ಕಮಿಷನ್ನಿನಲ್ಲಿ ಹಾಲನ್ನು ತಣ್ಣಗಿಟ್ಟು, ಒಡೆದ ಪ್ಯಾಕೆಟ್ಟಿನ ನಷ್ಟವನ್ನೂ ಹೊತ್ತು ಬದುಕಲಾಗದು. ಈ ದೂರಿನಲ್ಲಿ ಹುರುಳಿದೆ, ಆದರೆ ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಎಂಆರ್‌ಪಿಯನ್ನು ನಿರ್ಧರಿಸುವುದು ಕಂಪನಿ. ಅದರಲ್ಲಿ ಚಿಲ್ಲರೆ ವ್ಯಾಪಾರಿಯ ಪಾಲೆಷ್ಟೆಂದು ಹೇಳುವುದೂ ಕಂಪನಿ. ಹಾಲು ತಣ್ಣಗಿರದಿದ್ದರೆ ಕೆಡುತ್ತದೆ, ತಂಪು ಪಾನೀಯವನ್ನು ಬೆಚ್ಚಗೆ ಯಾರೂ ಕುಡಿಯುವುದಿಲ್ಲ. ತಣ್ಣಗಿರುವುದು ಈ ಸರಕುಗಳ ಗುಣವೇ ಹೊರತು ಮೇಲೆ ಸೇರಿಸಿದ ಸೇವೆಯಲ್ಲ. ಅನೇಕ ಅಂಗಡಿಗಳ ಬಾಗಿಲಲ್ಲಿರುವ ಗಾಜಿನ ಕದದ ಫ್ರಿಜ್ಜನ್ನು ಗಮನಿಸಿ. ಅದರ ನೆತ್ತಿಯ ಮೇಲೆ, ಮೈಮೇಲೆ ಪಾನೀಯ ಕಂಪನಿಯ ಹೆಸರೇ ಹೊಳೆಯುತ್ತಿರುತ್ತದೆ. ತಣ್ಣಗಿದ್ದರೆ ಮಾತ್ರ ಮಾಲು ಹೋಗುತ್ತದೆಂದು ಗೊತ್ತಿದ್ದೇ ಕಂಪನಿ ಅದನ್ನು ಅಲ್ಲಿ ಇರಿಸಿದೆ. ಹಾಗಿರುವಾಗ ಅದರ ಕರೆಂಟಿನ ಖರ್ಚೂ ಕಂಪನಿ ಮತ್ತು ಅಂಗಡಿಯವನ ನಡುವೆ ಇತ್ಯರ್ಥವಾಗಬೇಕಾದದ್ದು. ಕಂಪನಿಯ ಎದುರು ದನಿ ಎತ್ತಲಾಗದ ವ್ಯಾಪಾರಿ ತನ್ನೆದುರು ನಿಂತ, ತನಗಿಂತಲೂ ದುರ್ಬಲನಾದ ಗಿರಾಕಿಯಿಂದ ಅದನ್ನು ತುಂಬಿಸಿಕೊಳ್ಳುವುದು ನ್ಯಾಯವಲ್ಲ. ಹಾಲನ್ನು ಬೆಳಗಿನ ಜಾವ ಮೂರನೆಯ ಮಹಡಿಯ ಬಾಗಿಲಿಗೆ ತಂದುಕೊಡುವ ಹುಡುಗನಿಗೆ ತಿಂಗಳಿಗಿಷ್ಟು ಎಂದು ಮಾತಾಡಿ ಕೊಡುವುದು ಬೇರೆ ಸಂಗತಿ. ಅದು ಬೇಕೆಂದವರು ಕೇಳಿ ಪಡೆದ ಸೇವೆ, ಬೇಡವಾದವರು ಕೆಳಗಿಳಿದು ತಾವೇ ತರಬಹುದು.

ಹೋಟೆಲಿನವರು ಎಂಆರ್‌ಪಿಗಿಂತ ಹೆಚ್ಚಿಗೆ ತೆಗೆದುಕೊಳ್ಳುವುದನ್ನು ಸುಪ್ರೀಂ ಕೋರ್ಟೇ ಒಪ್ಪಿದೆಯಲ್ಲ, ಅಂಗಡಿಯವನ ಪಾಪವೇನು ಎಂಬ ಪ್ರಶ್ನೆಯೂ ಇದೆ. 2017ರ ಡಿಸೆಂಬರಿನಲ್ಲಿ ಹೋಟೆಲು ಮತ್ತು ರೆಸ್ಟೋರೆಂಟುಗಳ ಒಕ್ಕೂಟದ ಪ್ರಕರಣದಲ್ಲಿ ಕೋರ್ಟು ಹೇಳಿದ್ದೇನೆಂದರೆ, ಹೋಟೆಲಿನಲ್ಲಿ ಕೂತು ನೀರಿನ ಬಾಟಲಿ ತರಿಸಿಕೊಳ್ಳುವವನು ಬರಿಯ ಬಾಟಲಿ ಕೊಳ್ಳಲು ಹೋದವನಲ್ಲ. ಜಾಗ, ಬಡಿಸುವವರು, ವಾತಾವರಣ ಎಲ್ಲ ಸೇರಿದ ವ್ಯವಹಾರವದು, ಅದರಲ್ಲಿ ಸೇವೆಯೇ ಪ್ರಧಾನ. ಆ ತೀರ್ಪು ಗ್ರಾಹಕರಿಗೆ ಉದಾರವಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಹಾಗೆಯೇ ಒಪ್ಪಿದರೂ ರಸ್ತೆಬದಿಯ ಅಂಗಡಿಗೆ ಅದು ಹೊಂದುವುದಿಲ್ಲ. ಅಲ್ಲಿ ಗಿರಾಕಿ ಫುಟ್‌ಪಾತಿನ ಮೇಲೆ ನಿಂತಿರುತ್ತಾನೆ, ಬಾಟಲಿಯ ಹೊರತು ಬೇರೇನನ್ನೂ ಪಡೆಯುವುದಿಲ್ಲ. ಇನ್ನೂ ಒಂದು ವ್ಯತ್ಯಾಸವಿದೆ, ಅದು ನನಗೆ ಹೆಚ್ಚು ಮುಖ್ಯ. ಮುಂಬಯಿಗೆ ನಮ್ಮ ಕರಾವಳಿಯವರು ತಂದ ಉಡುಪಿ ಹೋಟೆಲುಗಳಲ್ಲಿ ಗೋಡೆಯ ಮೇಲೊಂದು ದರಪಟ್ಟಿ ಇರುತ್ತದೆ, ಪಾರ್ಸೆಲ್ಲಿಗೆ ಹೆಚ್ಚು ತೆಗೆದುಕೊಳ್ಳುವ ಕಡೆ ಅದನ್ನೂ ಅಲ್ಲೇ ಬರೆದಿರುತ್ತಾರೆ. ಓದಿದವನು ಕೂತು ತಿನ್ನಬಹುದು, ಡಬ್ಬ ತರಬಹುದು, ಎದ್ದೂ ಹೋಗಬಹುದು. ಬೆಲೆ ಮೊದಲು, ಆಯ್ಕೆ ಆಮೇಲೆ. ಕೂಲಿಂಗ್ ಚಾರ್ಜಿನಲ್ಲಿ ಮುಚ್ಚಳ ತೆರೆದ ಮೇಲೆ ಬೆಲೆ ತಿಳಿಯುತ್ತದೆ. ಎಷ್ಟು ಹೆಚ್ಚು ಎಂಬುದಕ್ಕಿಂತ ಯಾವಾಗ ಹೇಳಿದರು ಎಂಬುದೇ ಇಂಥ ಶುಲ್ಕಗಳನ್ನು ಅಳೆಯಲು ಸರಿಯಾದ ಮಾನದಂಡ. ಪೊಟ್ಟಣದ ಸರಕಿಗಾದರೆ ಮೊದಲೇ ಹೇಳಿದರೂ ತಪ್ಪು ತಪ್ಪೇ, ಬೋರ್ಡು ಹಾಕಿದ ಮಾತ್ರಕ್ಕೆ 18ನೆಯ ನಿಯಮ ಬದಲಾಗುವುದಿಲ್ಲ.

ಕೈಚೀಲದ ವಿಷಯದಲ್ಲಿ ಇದೇ ಮಾನದಂಡವನ್ನು ರಾಷ್ಟ್ರೀಯ ಗ್ರಾಹಕ ಆಯೋಗ ಬಳಸಿದೆ. 2020ರ ಡಿಸೆಂಬರಿನಲ್ಲಿ, ಚಂಡೀಗಢದಿಂದ ಬಂದ ಬಿಗ್ ಬಜಾರ್ ಪ್ರಕರಣದಲ್ಲಿ, ಬಿಲ್ಲಿನ ಕೌಂಟರಿನವರೆಗೆ ಬಂದವನಿಗೆ ಅಲ್ಲಿ ಚೀಲದ ಬೆಲೆ ಹೇಳುವುದು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಈ ಅಂಗಡಿಯಲ್ಲಿ ಚೀಲಕ್ಕೆ ದುಡ್ಡು ಎಂದು ಒಳಗೆ ಕಾಲಿಡುವ ಮೊದಲೇ ತಿಳಿಯುವುದು ಗ್ರಾಹಕನ ಹಕ್ಕು. ಪರಿಸರ ಉಳಿಯಬೇಡವೇ ಎಂದು ಕೇಳುವವರಿದ್ದಾರೆ. 2011ರ ಪ್ಲಾಸ್ಟಿಕ್ ನಿಯಮಗಳು ಚೀಲವನ್ನು ಪುಕ್ಕಟೆ ಕೊಡಬಾರದು ಎಂದದ್ದು ಆ ಉದ್ದೇಶಕ್ಕೇ. ಆದರೆ 2016ರ ನಿಯಮಗಳಲ್ಲಿದ್ದ ಚೀಲದ ಬೆಲೆಯ ವಿಧಿಯನ್ನು 2018ರಲ್ಲಿ ತೆಗೆದುಹಾಕಿದರು. ಅದೇ ವರ್ಷ ಮಹಾರಾಷ್ಟ್ರ ಪ್ಲಾಸ್ಟಿಕ್ ಚೀಲಗಳನ್ನೇ ನಿಷೇಧಿಸಿತು. ಇಂದು ಮಳಿಗೆಗಳು ತಮ್ಮದೇ ಜಾಹೀರಾತು ಅಚ್ಚಾದ ಕಾಗದದ ಚೀಲಕ್ಕೆ ದುಡ್ಡು ಕೇಳುತ್ತಿವೆ. ಅದನ್ನು ಪರಿಸರದ ಲೆಕ್ಕಕ್ಕೆ ಬರೆಯಲಾಗದು.

ಆ್ಯಪ್‌ಗಳಲ್ಲಿ ಈ ರೋಗ ಇನ್ನಷ್ಟು ಬೆಳೆದಿದೆ. ಹ್ಯಾಂಡ್ಲಿಂಗ್ ಚಾರ್ಜ್, ಪ್ಲಾಟ್‌ಫಾರ್ಮ್ ಫೀ, ಮಳೆಗಾಲದಲ್ಲಿ ಮಳೆಯ ಶುಲ್ಕ ಎಂದು ಕೊನೆಯ ಪರದೆಯಲ್ಲಿ ಒಂದೊಂದೇ ಸೇರಿಕೊಳ್ಳುತ್ತವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ ನಿಷೇಧಿಸಿದ 13 ಬಗೆಯ ಮೋಸಗಳಲ್ಲಿ ಬೆಲೆಯನ್ನು ತೊಟ್ಟುತೊಟ್ಟಾಗಿ ತೋರಿಸುವುದೂ ಒಂದು. ಇತ್ತ 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟು, ಆನ್‌ಲೈನ್ ಸಿನಿಮಾ ಟಿಕೆಟ್ಟಿಗೆ ಸೇವಾ ಶುಲ್ಕ ಪಡೆಯದಂತೆ ರಾಜ್ಯ ಸರ್ಕಾರ 2013 ಮತ್ತು 2014ರಲ್ಲಿ ಹೊರಡಿಸಿದ್ದ ಆದೇಶಗಳನ್ನು ರದ್ದುಪಡಿಸಿತು. ಗ್ರಾಹಕರ ಪರವಾಗಿ ನಿಂತು ನೋಡಿದರೂ ಇದನ್ನು ನಾನು ಒಪ್ಪುತ್ತೇನೆ. ಕಾಯ್ದೆಯ ಆಧಾರವಿಲ್ಲದ ಆದೇಶದಿಂದ ವ್ಯಾಪಾರದ ಸ್ವಾತಂತ್ರ್ಯವನ್ನು ಕಟ್ಟಿಹಾಕಲಾಗದು. ಥಿಯೇಟರಿನ ಕಿಟಕಿಯಲ್ಲೂ ಟಿಕೆಟ್ ಸಿಗುವಾಗ ಆನ್‌ಲೈನ್ ಅನುಕೂಲಕ್ಕೆ ಬೆಲೆ ಕಟ್ಟುವುದು ತಪ್ಪಲ್ಲ. ಆ ಬೆಲೆಯನ್ನು ಸೀಟು ಆರಿಸುವ ಮೊದಲೇ ತೋರಿಸಬೇಕು, ಅಷ್ಟೆ.

ಎರಡು ರೂಪಾಯಿಗೆ ಇಷ್ಟೊಂದು ಮಾತೇ ಎನ್ನುವವರಿಗೆ ಲೆಕ್ಕವೇ ಉತ್ತರ. 20ಕ್ಕೆ 2 ಎಂದರೆ ನೂರಕ್ಕೆ ಹತ್ತು. ದಿನಕ್ಕೆ ಒಂದೇ ಹಾಲಿನ ಪ್ಯಾಕೆಟ್ಟಿಗೆ 2 ರೂಪಾಯಿ ಹೆಚ್ಚು ಕೊಟ್ಟರೂ ವರ್ಷಕ್ಕೆ 730 ರೂಪಾಯಿ. ಮನೆಗೆಲಸ ಮಾಡಿ ಬದುಕುವ ಹೆಂಗಸಿನ ಸಂಸಾರಕ್ಕೆ ಅದು ಸಣ್ಣ ದುಡ್ಡಲ್ಲ. ಆಕೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೆ ಒಂದು ದಿನದ ಕೂಲಿ ಬಿಟ್ಟು ಲೋಕಲ್ ಹತ್ತಿ ಹೋಗಿ 2 ರೂಪಾಯಿಯ ದಾವೆ ಹೂಡಲು ಯಾರಿಂದ ಆದೀತು? ಬಿಲ್ಲೂ ಇರುವುದಿಲ್ಲ. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ ಎಂದು ಅದೇ ಕಾಯ್ದೆ ಹೇಳಿದ್ದರೂ ಕೂಲಿಂಗ್ ಚಾರ್ಜನ್ನು ಬಿಲ್ಲಿನಲ್ಲಿ ಬರೆದುಕೊಡುವ ಅಂಗಡಿಯನ್ನು ಕಾಣುವುದು ಕಷ್ಟ. ಆದ್ದರಿಂದ ಇದು ಒಂಟಿ ಗ್ರಾಹಕನ ಹೆಗಲಿಗೆ ಹೊರಿಸುವ ಕೆಲಸವಲ್ಲ. ಸಮಾನ ಹಿತಾಸಕ್ತಿಯ ಅನೇಕರ ಪರವಾಗಿ ಒಂದೇ ದೂರು ಸಲ್ಲಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಯಾರೂ ದೂರು ಕೊಡದಿದ್ದರೂ ತಾನಾಗಿಯೇ ತನಿಖೆಗೆ ಇಳಿಯುವ ಅಧಿಕಾರ ಕೇಂದ್ರ ಪ್ರಾಧಿಕಾರಕ್ಕಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಇನ್ಸ್‌ಪೆಕ್ಟರುಗಳ ದಾಳಿ ಬೇಸಿಗೆಯ ಒಂದು ವಾರದ ಸುದ್ದಿಯಾಗಿ ಮುಗಿಯದೆ ಕಂಪನಿ ಮತ್ತು ಡೇರಿಗಳ ಕಮಿಷನ್ ಪಟ್ಟಿಯವರೆಗೂ ಹೋಗಬೇಕು. 1966ರಲ್ಲಿ ಗ್ರಾಹಕರ ಮಾರ್ಗದರ್ಶನಕ್ಕೆಂದು ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಹುಟ್ಟಿದ ಊರಿದು. 1975ರಲ್ಲಿ ಆರಂಭವಾದ ಮುಂಬಯಿ ಗ್ರಾಹಕ ಪಂಚಾಯತ್ ಮನೆಮನೆಯವರನ್ನು ಗುಂಪಾಗಿ ಸೇರಿಸಿ, ದಿನಸಿಯನ್ನು ಒಟ್ಟಿಗೆ ಕೊಂಡು ಹಂಚಿ ತೋರಿಸಿದ್ದೂ ಇಲ್ಲೇ. ನಮ್ಮ ಕನ್ನಡ ಸಂಘಗಳೂ ಹೌಸಿಂಗ್ ಸೊಸೈಟಿಗಳೂ ತಮ್ಮ ಬೀದಿಯ ಅಂಗಡಿಗಳ ವಸೂಲಿಯನ್ನು ಬರೆದಿಟ್ಟು ಒಟ್ಟಾಗಿ ಒಂದು ದೂರು ಕೊಡುವುದು ಅಸಾಧ್ಯವಲ್ಲ. ಮುಂದಿನ ಸಲ ‘ದೋ ರುಪಯಾ’ ಕೇಳಿದಾಗ ಅದನ್ನು ಬಿಲ್ಲಿನಲ್ಲಿ ಬರೆದುಕೊಡಿ ಎಂದು ಕೇಳಿ. ಬರೆಯಲಾಗದು ಎಂದರೆ ಅಂಗಡಿಯ ಹೆಸರು, ತಾರೀಖು ಗುರುತು ಹಾಕಿಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.