ಪಂಚರತ್ನಂ ಅವರ ವ್ಯತಿಕರಣ ಸಿದ್ಧಾಂತ: ಒಂದು ವಿಮರ್ಶೆ

ಪುಟ್ಟೇನಹಳ್ಳಿಯಿಂದ ಯಲಹಂಕ, ಹೆಬ್ಬಾಳಗಳ ಮಾರ್ಗವಾಗಿ ಬೆಂಗಳೂರಿಗೆ ಬರುವವರು ಮೇಖ್ರಿ ವೃತ್ತವನ್ನು ದಾಟಿದರೆ, 1948ರಲ್ಲಿ ಸ್ಥಾಪಿತವಾದ ರಾಮನ್ ಸಂಶೋಧನಾ ಸಂಸ್ಥೆಯು ಸಮೀಪದಲ್ಲಿಯೇ ಇದೆ. ಅಲ್ಲಿ ಎಸ್. ಪಂಚರತ್ನಂ ಅವರು ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1956ರಲ್ಲಿ, ಬೆಳಕಿನ ವ್ಯತಿಕರಣವನ್ನು ಕುರಿತು ಪ್ರಕಟಿಸಿದ ಪ್ರಬಂಧವನ್ನು ‘ಕಾಲಕ್ಕಿಂತ ಮುಂದಿದ್ದ ಕೃತಿ’ಯೆಂದು ಕೊಂಡಾಡುವುದು ಈಗ ರೂಢಿಯಾಗಿದೆ. ಈ ಪ್ರಶಂಸೆಯು ಇತಿಹಾಸದ ಪರೀಕ್ಷೆಗೆ ನಿಲ್ಲುವುದೆ ಎಂಬುದು ನಮ್ಮ ಪ್ರಶ್ನೆ.

ಬೆಳಕು ವಿದ್ಯುತ್ಕಾಂತ ತರಂಗ. ಅದರ ವಿದ್ಯುತ್ ಕ್ಷೇತ್ರವು ಆಂದೋಲಿಸುವ ರೀತಿಯೇ ಧ್ರುವೀಕರಣ. ಧ್ರುವೀಕರಣವು ಬೇರೆ ಬೇರೆಯಾದ ಎರಡು ಕಿರಣಗಳನ್ನು ಸಮಪ್ರಾವಸ್ಥೆಯಲ್ಲಿವೆ ಎನ್ನುವುದು ಯಾವಾಗ? ಅವೆರಡೂ ಕೂಡಿದಾಗ ತೀವ್ರತೆಯು ಪರಮಾವಧಿಯನ್ನು ಮುಟ್ಟಿದರೆ, ಎಂಬುದು ಪಂಚರತ್ನಂ ಅವರ ಲಕ್ಷಣ. ಇದರ ಫಲ ಅಚ್ಚರಿಯದು. ಮೊದಲನೆಯ ಕಿರಣವು ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ ಸಮಪ್ರಾವಸ್ಥೆಯಲ್ಲಿದ್ದರೂ ಮೂರನೆಯದು ಮೊದಲನೆಯದರೊಡನೆ ಹಾಗಿರಬೇಕೆಂಬ ನಿಯಮವಿಲ್ಲ. ಮೂರು ಧ್ರುವೀಕರಣಗಳನ್ನು ಪ್ವಾಂಕಾರೆ ಗೋಳದ ಮೇಲೆ ಗುರುತಿಸಿದರೆ ಉಂಟಾಗುವ ತ್ರಿಕೋನದ ಘನಕೋನದ ಅರ್ಧದಷ್ಟು ಅಂತರ ಉಳಿಯುತ್ತದೆ. ತ್ರಿಕೋನವು ಗೋಳದ ಎಂಟನೆಯ ಒಂದು ಪಾಲನ್ನು ಆವರಿಸಿದರೆ ಈ ಅಂತರ 45 ಡಿಗ್ರಿ.

1984ರಲ್ಲಿ ಮೈಕೇಲ್ ಬೆರಿ ಅವರು ಕ್ವಾಂಟಂ ಬಲವಿಜ್ಞಾನದಲ್ಲಿ ಇಂತಹುದೇ ಜ್ಯಾಮಿತೀಯ ಪ್ರಾವಸ್ಥೆಯನ್ನು ಪ್ರತಿಪಾದಿಸಿದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ಆರ್. ನಿತ್ಯಾನಂದ ಅವರು ಎರಡಕ್ಕೂ ಇರುವ ಸಂಬಂಧವನ್ನು ತೋರಿಸಿದರು. ಮರುವರ್ಷ ಬೆರಿ ಅವರೇ ಅದನ್ನು ವಿಸ್ತರಿಸಿ ಬರೆದರು. ಪಂಚರತ್ನಂ ಅವರಾದರೋ 1969ರಲ್ಲಿಯೇ, ಮೂವತ್ತೈದರ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು.

ಪ್ರಬಂಧವು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾದುದರಿಂದಲೇ ಮರೆಯಾಯಿತೆಂಬ ವಾದವನ್ನು ನಾವು ಒಪ್ಪಲಾರೆವು. ಶ್ರವಣಾತೀತ ಧ್ವನಿತರಂಗಗಳಿಂದ ಬೆಳಕು ವಿವರ್ತನೆಗೊಳ್ಳುವುದನ್ನು ಕುರಿತ ರಾಮನ್ ಮತ್ತು ನಾಗೇಂದ್ರನಾಥ್ ಅವರ ಲೇಖನಗಳೂ 1935-36ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದವು, ಅವು ಲೋಕವಿಖ್ಯಾತವಾದವು. ಕಾರಣವನ್ನು ಪ್ರಶ್ನೆಯ ಸ್ವರೂಪದಲ್ಲಿ ಹುಡುಕಬೇಕು. ಧ್ವನಿತರಂಗಗಳ ವಿಷಯದಲ್ಲಿ ಪ್ರಯೋಗಶಾಲೆಗಳು ಉತ್ತರಕ್ಕಾಗಿ ಕಾದಿದ್ದುವು. ಪಂಚರತ್ನಂ ಅವರ ಗುರಿ ಸ್ಫಟಿಕಗಳ ದೃಗ್ವಿಜ್ಞಾನ. ತ್ರಿಕೋನದ ನಿಯಮ ಅವರಿಗೆ ಆ ಕಾರ್ಯದ ಸಾಧನ. ಸ್ಫಟಿಕಗಳ ಆಚೆಗೆ ಅದರ ವ್ಯಾಪ್ತಿಯನ್ನು ಅವರು ಎತ್ತಿ ಹೇಳದಿದ್ದುದು ಪ್ರಬಂಧದ ಮಿತಿಯೆಂದೇ ಹೇಳಬೇಕು.

ಆದುದರಿಂದ ಇದನ್ನು ಬೆರಿಯವರ ಸಿದ್ಧಾಂತದ ಪೂರ್ವಸೂಚನೆಯೆಂದಷ್ಟೇ ಓದಿದರೆ, 1956ರ ಕೃತಿಯನ್ನು 1984ರ ಕಣ್ಣಿನಿಂದ ಅಳೆದಂತಾಗುತ್ತದೆ. ತನ್ನ ಕಾಲದ ಪ್ರಶ್ನೆಗೆ ಅದು ಕೊಟ್ಟ ಉತ್ತರವು ನಿಷ್ಕೃಷ್ಟವಾಗಿತ್ತು. ನಮ್ಮ ವಿದ್ಯಾರ್ಥಿಗಳು ಅದರ ಹಿರಿಮೆಯನ್ನು ಮೊದಲು ಅಲ್ಲಿಯೇ ಅರಸುವುದು ಯುಕ್ತ.